ಹೇಳದೆ ಉಳಿಸಿಕೊಂಡ ‘ಬನ್ನಿ’

ಅನಘಾ, ವಿಹಾನ್ — ನಿಮ್ಮ ತಾತನಿಗೂ ಪಕ್ಕದ ಮನೆಯ ವಾಲ್ಟರ್ ಅವರಿಗೂ ಇದ್ದ ಸ್ನೇಹ ತಾನಾಗಿ ಮುರಿಯಲಿಲ್ಲ. ಮುರಿದವಳು ನಾನು. ಒಂದೇ ಮಾತಿನಿಂದ ಮುರಿದೆ, ಬೇಕೆಂದೇ ಮುರಿದೆ. ತಾತ ಕಣ್ಣು ಮುಚ್ಚುವವರೆಗೂ ಅವರಿಗೆ ಇದನ್ನು ಹೇಳಲಿಲ್ಲ.

ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆ ಬಿಟ್ಟು ಹೊರಬರದವಳು ನಿಮ್ಮ ಅಜ್ಜಿ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದು. ಬರೆಯುವಾಗ ಮಾತ್ರ ಸ್ವಲ್ಪ ಧೈರ್ಯ ಬರುತ್ತದೆ. ನಿಮಗಿನ್ನೂ ಕನ್ನಡ ಓದಲು ಬರುವುದಿಲ್ಲ ಎನ್ನುವುದೂ ಆ ಧೈರ್ಯಕ್ಕೆ ಕಾರಣವೋ ಏನೋ —

ನಾವಿಬ್ಬರೂ ಊರು ಬಿಟ್ಟು ಅಮೆರಿಕದ ಈ ಮಿಲ್ ಕ್ರೀಕಿಗೆ, ನಿಮ್ಮ ಮನೆಗೆ ಬಂದ ಮೊದಲ ದಿನಗಳಲ್ಲಿ ತಾತ ನನ್ನವರಾಗಿದ್ದರು. ನೀರಾವರಿ ಕಚೇರಿಯ ಗುಮಾಸ್ತಿಕೆ ಮುಗಿದಿತ್ತು, ನಿಮ್ಮಪ್ಪ ಅಮ್ಮ ಕೆಲಸಕ್ಕೆ, ನೀವು ಶಾಲೆಗೆ. ಮದುವೆಯಾಗಿ ಅಷ್ಟು ವರ್ಷಗಳಾದ ಮೇಲೆ ಮೊದಲ ಸಲ ನಮ್ಮಿಬ್ಬರಿಗೇ ಒಂದು ಹಗಲು ಸಿಕ್ಕಿತ್ತು. ಇನ್ನು ಮಾತಾಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಬೇಲಿಯಾಚೆಯಿಂದ ವಾಲ್ಟರ್ ಕೈಬೀಸಿದರು.

ಅಲ್ಲಿಂದ ದಿನವೂ ಹಿತ್ತಲ ಜಗಲಿಯ ಮೇಲೆ ಎರಡು ಕುರ್ಚಿ. ಎರಡು ಲೋಟ ಕಾಫಿ. ನನಗೆ ಇಂಗ್ಲಿಷ್ ಬಾರದು, ಅಡುಗೆಮನೆಯ ಕಿಟಕಿಯಿಂದ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ನನ್ನ ಹತ್ತಿರ ಉಪ್ಪು ಹೆಚ್ಚು, ಹುಳಿ ಕಡಿಮೆ ಎಂಬುದಕ್ಕಿಂತ ಮುಂದೆ ಹೋಗದ ಮನುಷ್ಯ ಅಲ್ಲಿ ಬಾಯಿ ತುಂಬ ಮಾತಾಡುತ್ತಿದ್ದರು, ನಗುತ್ತಿದ್ದರು. ಒಂದೊಂದು ದಿನ ಕಣ್ಣು ಒರೆಸಿಕೊಂಡು ಒಳಗೆ ಬರುತ್ತಿದ್ದರು. “ಏನಾಯ್ತು?” ಎಂದರೆ, “ಏನಿಲ್ಲ ಬಿಡೇ, ನಿಂಗೆ ಅರ್ಥ ಆಗಲ್ಲ.”

ನಿಮ್ಮಮ್ಮ ತಮಾಷೆ ಮಾಡುತ್ತಿದ್ದಳು: “ಅತ್ತೆ, ಮಾವಂಗೆ ಬಾಯ್‌ಫ್ರೆಂಡ್ ಸಿಕ್ಕಿದಾರೆ, ನೀವಿನ್ನು ಔಟ್!” ಎಲ್ಲರೊಂದಿಗೆ ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು. ಸವತಿ ಬಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ — ಸವತಿಯ ಜೊತೆ ಜಗಳವಾದರೂ ಆಡಬಹುದು. ನಾನು ಮಾಡಿದ್ದೇನು ಗೊತ್ತೇ? ವಾಲ್ಟರ್ ಲೋಟಕ್ಕೆ ಎರಡನೆಯ ಸಲ ಇಳಿಸಿದ ನೀರು ಡಿಕಾಕ್ಷನ್ ಹಾಕುತ್ತಿದ್ದೆ. ತಾತನಿಗೆ ಬಣ್ಣ ನೋಡಿಯೇ ತಿಳಿಯುತ್ತಿತ್ತು.

“ಅವನಿಗೂ ಸ್ವಲ್ಪ ಗಟ್ಟಿ ಕೊಡೇ. ಯುದ್ಧ ಮಾಡಿ ಬಂದೋನು.”

“ಯುದ್ಧ ಮಾಡಿ ಬಂದೋರಿಗೆ ನಂ ನೀರು ಕಾಫಿ ಏನ್ಮಾಡುತ್ತೆ ಬಿಡ್ರಿ.”

ತಾತ ತಮ್ಮ ಲೋಟವನ್ನು ಅವರಿಗೆ ಕೊಟ್ಟು, ನೀರು ಕಾಫಿ ತಾವು ಕುಡಿದರು. ಅದನ್ನೂ ಕಿಟಕಿಯಿಂದ ನೋಡಿದೆ.

ವಾಲ್ಟರ್ ಯುದ್ಧದ ಕಥೆಯನ್ನು ತಾತ ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಿಮಗೆ ಹೇಳಿದ್ದರು. ನಾನು ಬೆನ್ನು ತಿರುಗಿಸಿ ದೋಸೆ ಹುಯ್ಯುತ್ತಿದ್ದೆ — ಕೇಳದವಳಂತೆ. ವಾಲ್ಟರ್ ಅಮೆರಿಕದ ಸೇನೆಯಲ್ಲಿ ಮರೀನ್ ಸಿಪಾಯಿಯಾಗಿದ್ದರು. ಮೀಸೆ ಸರಿಯಾಗಿ ಮೂಡದ ವಯಸ್ಸು. ಒಂದು ದ್ವೀಪಕ್ಕೆ ಹೆಲಿಕಾಪ್ಟರುಗಳಲ್ಲಿ ಕಳಿಸಿದರು. ಅಲ್ಲಿ ಶತ್ರುಗಳು ಹೆಚ್ಚಿಲ್ಲ, ಇಳಿದು ಹಿಡಿದುಕೊಂಡರೆ ಆಯಿತು ಎಂದಿದ್ದರಂತೆ. ಬೆಳಗಿನ ಜಾವ ಸಮುದ್ರದ ಮೇಲೆ ತಗ್ಗಿ ಹಾರಿ ಮರಳಿನ ದಂಡೆ ಹತ್ತಿರವಾಗುತ್ತಿದ್ದಂತೆ ಇಡೀ ಕಾಡೇ ಗುಂಡು ಹಾರಿಸತೊಡಗಿತು. ಮುಂದಿನ ಹೆಲಿಕಾಪ್ಟರ್ ಉರಿಯುತ್ತ ನೀರಿಗೆ ಬಿತ್ತು. ವಾಲ್ಟರ್ ಇದ್ದದ್ದು ಹೇಗೋ ಇಳಿಯಿತು. ಹಗಲೆಲ್ಲ ಮರಳಿಗೆ ಮುಖ ಒತ್ತಿಕೊಂಡು, ರೇ ಎಂಬ ಗೆಳೆಯನ ಪಕ್ಕದಲ್ಲಿ. ಕತ್ತಲಾಗುವಾಗ ವಾಪಸ್ಸು ಕರೆದೊಯ್ಯಲು ದೀಪವಿಲ್ಲದೆ ಹೆಲಿಕಾಪ್ಟರುಗಳು ಬಂದವು. ಗಾಯಗೊಂಡವನೊಬ್ಬನನ್ನು ಹೊತ್ತು ಹತ್ತಿಸಲು ಎದ್ದ ವಾಲ್ಟರ್, ಮೆಷಿನ್‌ಗನ್ ಹಿಂದೆ ಮಲಗಿದ್ದ ರೇಗೆ ಹೇಳಿದರಂತೆ — “ಇರು, ಈಗ ಬಂದೆ.” ಹತ್ತಿಸಲು ಹೋದವರನ್ನು ಒಳಗಿನಿಂದ ಯಾರೋ ಎಳೆದುಕೊಂಡರು. ಹೆಲಿಕಾಪ್ಟರ್ ಮೇಲೆದ್ದಿತು. ಎಲ್ಲರೂ ಬಂದರು ಎಂದು ಎಲ್ಲರೂ ಅಂದುಕೊಂಡರು. ರೇ ಅಲ್ಲೇ ಉಳಿದ.

ನಮ್ಮ ಮನೆಯ ಮೇಲೆ ಹೆಲಿಕಾಪ್ಟರ್ ಹೋದಾಗ ವಾಲ್ಟರ್ ಮಾತು ನಿಲ್ಲಿಸಿ, ಸದ್ದು ಪೂರ್ತಿ ಅಡಗುವವರೆಗೆ ಮೇಲೆ ನೋಡುತ್ತಿದ್ದುದು ಏಕೆಂದು ಅಂದು ತಿಳಿಯಿತು. ನನ್ನ ದೋಸೆ ಕಾವಲಿಯ ಮೇಲೆ ಸೀದಿತು. ಆದರೂ ಮನಸ್ಸು ಮೆತ್ತಗಾಗಲಿಲ್ಲ. ಇಷ್ಟು ದೊಡ್ಡ ದುಃಖ ಇಟ್ಟುಕೊಂಡವನ ಮುಂದೆ ನನ್ನದನ್ನು ಯಾರು ಕೇಳುತ್ತಾರೆ — ಅನ್ನಿಸಿದ್ದು ಅದು.

ನಮ್ಮ ಕಡೆಯವರು ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನುವುದನ್ನು ತಾತ ವಾಲ್ಟರ್‌ಗೆ ಕಲಿಸಿದ್ದೂ ಆಗಲೇ. ಬರೀ ‘ಹೋಗ್ತೀನಿ’ ಎನ್ನಬಾರದು, ಅದು ಮರಳಿ ಬಾರದವರ ಮಾತು. ಕಳಿಸುವವರೂ ಬರೀ ‘ಹೋಗಿ’ ಎನ್ನಬಾರದು, ‘ಹೋಗಿ ಬನ್ನಿ’ ಎನ್ನಬೇಕು. ಇದನ್ನು ಕೇಳಿ ವಾಲ್ಟರ್ ಎರಡು ಮಾತನ್ನೂ ಮತ್ತೆ ಮತ್ತೆ ಹೇಳಿಸಿಕೊಂಡರಂತೆ. ಆಮೇಲೆ ಪ್ರತಿ ಸಂಜೆ ಮೆಟ್ಟಿಲಿಳಿಯುವಾಗ ನನ್ನ ಕಿಟಕಿಗೂ ಕೇಳುವಂತೆ “ಹೋಗಿ ಬರ್ಟೀನಿ!” ಎನ್ನುತ್ತಿದ್ದರು. ಅನಘಾ, ನೀನೊಂದು ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಓಡುತ್ತ “ಅಜ್ಜಿ, ಹೋಗ್ತೀನಿ” ಎಂದಾಗ ಅವರು ಬೇಲಿಯಾಚೆಯಿಂದ “ನೋ ನೋ! ಹೋಗಿ ಬರ್ಟೀನಿ!” ಎಂದು ಕೂಗಿ ನಿನ್ನನ್ನು ತಿದ್ದಿದ್ದರು. ನೆನಪಿದೆಯೇ? ಆ ಎರಡು ಮಾತಿನ ನಡುವಿನ ಅಂತರ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಈಗ ನಿಮಗೆ ಗೊತ್ತಿಲ್ಲದ ಒಂದು ವಿಷಯ. ನಿಮ್ಮಪ್ಪನಿಗಿಂತ ಮುಂಚೆ ನಮಗೊಬ್ಬಳು ಮಗಳಿದ್ದಳು. ಪದ್ಮ. ಹೊಸಿಲು ದಾಟಲು ಕಲಿತಿದ್ದಳು, ಅಷ್ಟೆ — ಜ್ವರ ಬಂತು, ಹೋದಳು. ಹೋದ ಮಗುವಿನ ಹೆಸರು ಮನೆಯಲ್ಲಿ ಎತ್ತಬಾರದು, ಮುಂದೆ ಹುಟ್ಟುವುದಕ್ಕೆ ಒಳ್ಳೆಯದಲ್ಲ ಎಂದು ನನ್ನ ಅತ್ತೆ ಹೇಳಿದರು. ನಾನು ಎತ್ತಲಿಲ್ಲ. ಗಂಡ ಎಂದಾದರೂ ಎತ್ತುತ್ತಾರೆ ಎಂದು ಕಾದೆ. ನಿಮ್ಮಪ್ಪ ಹುಟ್ಟಿದ, ಅತ್ತೆ ತೀರಿಕೊಂಡರು, ಅಮೆರಿಕಕ್ಕೂ ಬಂದೆವು. ಅವರು ಎತ್ತಲೇ ಇಲ್ಲ.

ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ತಾತನ ಇಂಗ್ಲಿಷ್ ಹರಿಯುತ್ತಿತ್ತು. ನನಗದು ನೀರಿನ ಸದ್ದಿನ ಹಾಗೆ. ಅದರ ನಡುವೆ — ‘ಪದ್ಮ’. ಮತ್ತೊಂದು ಸಲ, ‘ಪದ್ಮ’. ವಾಲ್ಟರ್ ಕೈ ತಾತನ ಭುಜದ ಮೇಲಿತ್ತು. ತಾತನ ಬೆನ್ನು ಅಲುಗುತ್ತಿತ್ತು.

ಹೆತ್ತವಳು ನಾನು. ನನ್ನ ಮುಂದೆ ಹನಿ ಕಣ್ಣೀರು ಹಾಕದ ಮನುಷ್ಯ, ನನ್ನ ಕೂಸಿನ ಹೆಸರನ್ನು ಅವಳ ಮುಖ ಕಾಣದವನ ಮುಂದೆ — ಏನು ಬರೆಯಲಿ.

ಮರುದಿನವೇ ನಿಮ್ಮಪ್ಪ ತಾತನನ್ನು ಈಸ್ಟ್‌ಗೇಟಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ನಾನೊಬ್ಬಳೆ. ವಾಲ್ಟರ್ ಹಿತ್ತಲ ಮೆಟ್ಟಿಲ ಹತ್ತಿರ ಬಂದರು, ಎರಡೂ ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟಿ. ಒಳಗೆ ಕೆಸರು, ಕೆಸರಿನ ಮೇಲೆ ನೀರು, ನೀರಿನ ಮೇಲೆ ದುಂಡಗಿನ ಒಂದೇ ಒಂದು ಎಲೆ. ಕೆರೆಯ ಊರಿನವಳು ನಾನು. ತಾವರೆಯ ಎಲೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಹೆಸರಿನ ಅರ್ಥವನ್ನೂ ತಾತ ಹೇಳಿಬಿಟ್ಟಿದ್ದಾರೆ ಎಂದು ಗೊತ್ತಾಯಿತು. ವಾಲ್ಟರ್ ನಿಧಾನವಾಗಿ, ನನಗೆ ತಿಳಿಯಲೆಂದು, “ಪದ್ಮ… ಫಾರ್ ಯೂ” ಎಂದರು.

ನಾನು ಅವರ ಮುಖ ನೋಡಿ ಹೇಳಿದೆ — “ಹೋಗಿ.”

ಅವರು ಹೋಗಲಿಲ್ಲ. ಮುಂದಿನ ಮಾತಿಗೆ ಕಾಯುತ್ತ ನಿಂತರು. ಇನ್ನೂ ನಗುತ್ತಲೇ ಇದ್ದರು — ನಾಚಿಕೆಯ ಹೆಂಗಸು, ಮೆಲ್ಲಗೆ ಹೇಳುತ್ತಾಳೆ ಎಂದುಕೊಂಡರೋ ಏನೋ. ‘ಬನ್ನಿ’ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನದನ್ನು ಹೇಳಲಿಲ್ಲ. ಅವರ ನಗು ನಿಧಾನವಾಗಿ ಇಳಿಯುವುದನ್ನು ನೋಡಿದೆ. ತೊಟ್ಟಿಯನ್ನು ಮೆಟ್ಟಿಲ ಮೇಲೆ, ನೀರು ತುಳುಕದಂತೆ ಇಟ್ಟು, ತಲೆಯಾಡಿಸಿ, ಹೋದರು.

ತಾತ ಬರುವುದರೊಳಗೆ ಆ ಗಿಡವನ್ನು ಕೆಸರು ಸಮೇತ ಹಸಿರು ಕಸದ ಡಬ್ಬಿಗೆ ಸುರಿದೆ. ತೊಟ್ಟಿಯನ್ನು ತೊಳೆದು ಕವುಚಿಟ್ಟೆ.

ವಾಲ್ಟರ್ ಆಮೇಲೆ ಜಗಲಿಗೆ ಬರಲಿಲ್ಲ. ತಾತ ಎರಡು ಕುರ್ಚಿ ಹಾಕಿಕೊಂಡು ಕಾದರು. ಬೇಲಿಯಾಚೆ ಅವರು ಕಂಡಾಗ ಕೈಯೆತ್ತಿದರು. ಅವರೂ ಎತ್ತಿದರು, ಅಷ್ಟೆ. ಕೊನೆಗೊಂದು ದಿನ ತಾತ ಒಳಗೆ ಬಂದು ಅಂದರು: “ನಂದೇ ತಪ್ಪು ಕಣೇ. ಅವನ ಕಷ್ಟವೇ ಅವನಿಗೆ ಸಾಕಾಗಿತ್ತು. ನಾನು ನಂದೂ ಹೇಳ್ಕೊಂಡೆ. ಭಾರ ಆಯ್ತೇನೋ.”

‘ನಂದು’ ಎಂದರೇನು ಎಂದು ನಾನು ಕೇಳಬಹುದಿತ್ತು. ಅಷ್ಟು ವರ್ಷ ಕಾದ ಮಾತು ಬಾಗಿಲಿಗೇ ಬಂದಿತ್ತು. ಕೇಳಿದ್ದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತಲ್ಲ — “ಇರಬಹುದು ಬಿಡ್ರಿ” ಎಂದೆ. ಪದ್ಮಳ ಹೆಸರು ಎತ್ತಿದ್ದಕ್ಕೇ ಸ್ನೇಹಿತ ದೂರವಾದ ಎಂದು ನಂಬಿಕೊಂಡು, ಅವರು ಮತ್ತೆ ಆ ಹೆಸರು ಯಾರ ಮುಂದೆಯೂ ಎತ್ತದೆ ಹೋದರು.

ತಾತನ ಕಾರ್ಯದ ದಿನ ವಾಲ್ಟರ್ ಬಂದಿದ್ದರು. ನೋವಿನ ಮಂಡಿ ಬಗ್ಗಿಸಿ ಬೂಟು ಬಿಚ್ಚಿಟ್ಟು ಒಳಗೆ ಬಂದು, ಗೋಡೆಗೆ ಒರಗಿ ನಿಂತಿದ್ದರು. ಸಾವಿನ ಮನೆಯಿಂದ ಹೊರಡುವಾಗ ನಮ್ಮವರು ಏನೂ ಹೇಳುವುದಿಲ್ಲ. ಎಲ್ಲರೂ ಸುಮ್ಮನೆ ಎದ್ದು ಹೋದರು. ವಾಲ್ಟರ್ ಮಾತ್ರ ನನ್ನೆದುರು ಬಂದು ಕೈಮುಗಿದು ಹೇಳಿದರು — “ಹೋಗ್ಟೀನಿ.”

ನನ್ನ ಪಕ್ಕದಲ್ಲಿದ್ದ ನೀನು, ಅನಘಾ, ಕಿವಿಯಲ್ಲಿ “ಅಜ್ಜಿ, ಅವ್ರು ಇನ್ನರ್ಧ ಮರೆತ್ರು” ಎಂದೆ.

“ಮರೆತಿರಬೇಕು” ಎಂದೆ ನಾನು. ಅದು ಸುಳ್ಳು. ಅವರು ಏನನ್ನೂ ಮರೆತಿರಲಿಲ್ಲ. ನಾನು ಕೊಟ್ಟ ಅರ್ಧವನ್ನೇ ನನಗೆ ಮರಳಿಸಿದ್ದರು.

ಆಮೇಲೆ ಅವರ ಮನೆ ಮಾರಾಟವಾಯಿತು. ಕಳೆದ ವಾರ ನಿಮ್ಮಮ್ಮ ಟೋಟೆಮ್ ಲೇಕಿನ ಅಂಗಡಿಗೆ ಸಾಮಾನು ತರಲು ಹೋದಾಗ ಅವರನ್ನು ನೋಡಿದಳಂತೆ. ಗಾಲಿ ಕುರ್ಚಿಯಲ್ಲಿದ್ದಾರೆ, ಅಲ್ಲೇ ಹತ್ತಿರದ ವೃದ್ಧರ ಮನೆಯಲ್ಲಿ. ಅವಳ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತಂತೆ.

ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗು ಎಂದು ನಿಮ್ಮಪ್ಪನಿಗೆ ಹೇಳಿದ್ದೇನೆ. ಫ್ಲಾಸ್ಕಿನಲ್ಲಿ ಮೊದಲ ಡಿಕಾಕ್ಷನ್ನಿನ ಕಾಫಿ ಒಯ್ಯುತ್ತೇನೆ. ಅವರ ಮುಂದೆ ನಿಂತು ‘ಬನ್ನಿ’ ಎನ್ನುತ್ತೇನೆ. ಅವರಿಗೆ ನೆನಪಿಲ್ಲದಿದ್ದರೂ, ನೆನಪಿದ್ದು ಮುಖ ತಿರುಗಿಸಿದರೂ ಎನ್ನುತ್ತೇನೆ. ಆ ಸಂಜೆ ನಿಮ್ಮ ತಾತ ಪದ್ಮಳ ಬಗ್ಗೆ ಏನು ಹೇಳಿ ಅತ್ತರು ಎಂಬುದು ಈ ಭೂಮಿಯ ಮೇಲೆ ಅವರೊಬ್ಬರಿಗೇ ಗೊತ್ತು. ಕೇಳಬೇಕೆಂದು ಜೀವ ಹಾತೊರೆಯುತ್ತದೆ. ಕೇಳುವುದಿಲ್ಲ. ಅವಳ ಹೆಸರು ಹೊತ್ತು ಬಂದಿದ್ದವರನ್ನೇ ‘ಹೋಗಿ’ ಎಂದು ಕಳಿಸಿದವಳು ನಾನು.

ಪದ್ಮಳ ಫೋಟೋ ಇಲ್ಲ. ಅವಳ ಹೆಸರನ್ನು ನಾನು ಬರೆದದ್ದು ಇಲ್ಲಿ, ಇದೇ ಮೊದಲು. ಅವಳು ನಿಮಗೆ ಅತ್ತೆಯಾಗಬೇಕಿತ್ತು. ಮಕ್ಕಳೇ, ನಿಧಾನವಾಗಿಯಾದರೂ ಕನ್ನಡ ಓದಲು ಕಲಿಯಿರಿ — ಅಲ್ಲಿಯವರೆಗೆ ಈ ಹಾಳೆಗಳನ್ನು ಕಳೆಯದೆ, ಜೋಪಾನವಾಗಿ ಇಟ್ಟುಕೊಂಡಿರಿ.