ಎತ್ತಬಾರದ ಕರೆ

ನನ್ನ ಕಸುಬು ತಪ್ಪು ಹುಡುಕುವುದು. ಹೀಗೆ ನೇರವಾಗಿ ಹೇಳಿದರೆ ಜನ ಒಂದು ಥರ ನೋಡುತ್ತಾರೆ. ಸುತ್ತಿಬಳಸಿ ಹೇಳಿದರೂ ವಿಷಯ ಅದೇ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಕೂಗಳತೆಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ, ನಾವು ನಾಲ್ಕು ಜನ ಕೂತು ಮೊಬೈಲಿಗೆ ಆ್ಯಪ್ ಮಾಡುತ್ತೇವೆ. ಮೂವರು ಮಾಡುತ್ತಾರೆ, ಅವರು ಮಾಡಿದ್ದು ಎಲ್ಲೆಲ್ಲಿ ಕೆಟ್ಟಿದೆ ಎಂದು ನಾನು ತೋರಿಸುತ್ತೇನೆ. ಸಂಬಳ ಕೊಟ್ಟು ತಪ್ಪು ಹುಡುಕಿಸುವ ಜನರೂ ಇದ್ದಾರೆಂದು ನನ್ನ ಸೋದರತ್ತೆಗೆ ಇನ್ನೂ ನಂಬಿಕೆ ಬಂದಿಲ್ಲ. ಆ ಕೆಲಸವನ್ನು ಅವಳು ಇಷ್ಟು ವರ್ಷ ಪುಕ್ಕಟೆಯಾಗಿ ಮಾಡಿಕೊಂಡು ಬಂದಿದ್ದಾಳೆ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡವಳನ್ನು ಯಾರು ತಾನೇ ಮನೆ ತುಂಬಿಸಿಕೊಳ್ಳುತ್ತಾರೆ ಎನ್ನುವುದು ಅವಳ ಚಿಂತೆ. ಸದ್ಯಕ್ಕೆ ಯಾರೂ ತುಂಬಿಸಿಕೊಂಡಿಲ್ಲ, ನಾನು ಅವ್ವನ ಜೊತೆಗೇ ಇದ್ದೇನೆ.

ನಮ್ಮ ಆ್ಯಪ್ ರೇಷ್ಮೆ ಕೆಲಸದವರಿಗಾಗಿ ಮಾಡಿದ್ದು. ಹುಳ ಸಾಕುವವರು, ಗೂಡು ಕೊಳ್ಳುವವರು, ಬಣ್ಣ ಹಾಕುವವರು, ನೇಯುವವರು ಒಬ್ಬರಿಗೊಬ್ಬರು ಬೇಗ ಸಿಗಲಿ ಎಂಬ ಒಳ್ಳೆಯ ಉದ್ದೇಶ. ಅದು ನಿಮ್ಮ ಫೋನಿನೊಳಗೆ ಹೋಗಿ, ನೀವು ಇಟ್ಟುಕೊಂಡಿರುವ ಹೆಸರುಗಳನ್ನೆಲ್ಲ ಓರಣ ಮಾಡಿ, ಬೇಕಾದವರಿಗೆ ಒಂದೇ ಒತ್ತಿಗೆ ಕರೆ ಹಚ್ಚಿಕೊಡುತ್ತದೆ. ಅಥವಾ ಹಚ್ಚಿಕೊಡಬೇಕು. ಹಚ್ಚಿಕೊಡದಿದ್ದಾಗ ನನಗೆ ಕೆಲಸ.

ಓರಣ ಮಾಡುವುದು ಅಂದುಕೊಂಡಷ್ಟು ಸುಲಭವಲ್ಲ. ನಮ್ಮ ಜನ ಫೋನಿನಲ್ಲಿ ಹೆಸರು ಬರೆದಿಡುವ ರೀತಿ ನೋಡಿದರೆ ಯಾವ ಯಂತ್ರಕ್ಕಾದರೂ ತಲೆ ಕೆಡುತ್ತದೆ. ‘ಸೊಪ್ಪು ಸತ್ತೇಗಾಲ’ ಎಂದಿರುತ್ತದೆ, ಅದು ಮನುಷ್ಯನೋ ಊರೋ ತಿಳಿಯುವುದಿಲ್ಲ. ‘ಕರೆಂಟ್ ಕುಳ್ಳ’ ಇರುತ್ತಾನೆ. ‘ಎತ್ತಬೇಡ’ ಎಂಬ ಹೆಸರಿನವರೊಬ್ಬರು ಬಹಳ ಫೋನುಗಳಲ್ಲಿದ್ದಾರೆ. ಒಬ್ಬನ ಫೋನಿನಲ್ಲಂತೂ ಅದು ಅವನ ಸ್ವಂತ ಭಾಮೈದ. ನಂಬರು ಬದಲಾಯಿಸಿದವರದು ಇನ್ನೊಂದು ಕಥೆ. ಹಳೆಯದನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ‘ಅತ್ತೆ’ ಇರುತ್ತಾಳೆ, ಕೆಳಗೆ ‘ಅತ್ತೆ ಹೊಸದು’ ಎಂದಿರುತ್ತದೆ. ಹೊಸ ಅತ್ತೆ ಯಾವಾಗ ಬಂದಳು ಎಂದು ಕೇಳಿದರೆ ಬೈಸಿಕೊಳ್ಳುತ್ತೀರಿ.

ಹೆಸರಿನ ಕಾಟ ಮುಗಿಯಿತು ಎನ್ನುವಾಗ ಸಿಗ್ನಲ್ಲಿನ ಕಾಟ ಶುರುವಾಗುತ್ತದೆ. ಹನೂರು ದಾಟಿ ಬೆಟ್ಟದ ದಾರಿ ಹಿಡಿದರೆ ಫೋನು ಯಾವ ಟವರನ್ನು ಹಿಡಿಯುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ನೀವು ಕನ್ನಡನಾಡಿನ ಹುಣಿಸೆಮರದ ಕೆಳಗೇ ನಿಂತಿರುತ್ತೀರಿ, ಒಳಗಿನಿಂದ ಒಬ್ಬ ಹೆಂಗಸು ತಮಿಳಿನಲ್ಲಿ ಏನೋ ಹೇಳಿ ಇಟ್ಟುಬಿಡುತ್ತಾಳೆ. ಇಂಥ ಕಡೆಗಳಿಂದ ಕರೆ ಹೋಯಿತೋ ಇಲ್ಲವೋ ಎಂದು ತಿಳಿಯಲಿ ಅಂತ, ಅವರವರ ಒಪ್ಪಿಗೆ ಕೇಳಿಯೇ, ಕೆಲವರ ಫೋನುಗಳ ಲೆಕ್ಕ ನಮ್ಮ ಕಂಪ್ಯೂಟರಿಗೆ ಬರುವಂತೆ ಮಾಡಿಕೊಂಡಿದ್ದೇವೆ. ಕರೆಯನ್ನು ಆಚೆಯವರು ಎತ್ತಿದರೆ ಹಸಿರು ಸಾಲು ಬೀಳುತ್ತದೆ. ಎತ್ತದಿದ್ದರೆ ಕೆಂಪು ಸಾಲು, ಪಕ್ಕದಲ್ಲಿ ‘ಉತ್ತರವಿಲ್ಲ’ ಎಂಬ ಮಾತು. ಹಸಿರು ಎಂದರೆ ಎಲ್ಲ ಸರಿ, ಕೆಂಪು ಎಂದರೆ ಎಲ್ಲೋ ಕೆಟ್ಟಿದೆ. ಈ ಕಾನೂನು ಮಾಡಿದವರು ನಮ್ಮ ಅವ್ವನನ್ನೂ ದೊಡ್ಡವ್ವನನ್ನೂ ಕಂಡವರಲ್ಲ.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಅಜ್ಜೀಪುರದಲ್ಲಿ ಮಗ ಮಾದೇವಣ್ಣನ ಸಂಸಾರದ ಜೊತೆ ಹುಳ ಸಾಕಿಕೊಂಡಿದ್ದವಳು. ಅವ್ವ ನಮ್ಮ ಬೀದಿಯಲ್ಲಿ ನೇಯುವವರಿಗೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ. ದಿನಾ ದೀಪ ಹಚ್ಚುವ ಹೊತ್ತಿಗೆ ಅಜ್ಜೀಪುರದಿಂದ ಒಂದು ರಿಂಗು ಬರುತ್ತಿತ್ತು, ನಿಲ್ಲುತ್ತಿತ್ತು. ಅವ್ವ ಕೈಯೊರೆಸಿಕೊಂಡು ತಾನೂ ಒಂದು ರಿಂಗು ಕೊಟ್ಟು ಇಡುತ್ತಿದ್ದಳು. ಅಷ್ಟೇ. ಕರೆಗೆ ಕಾಸು ಬೀಳುತ್ತಿದ್ದ ಕಾಲದಲ್ಲಿ ಶುರುವಾದದ್ದು, ಕಾಸು ಬೀಳದ ಕಾಲಕ್ಕೂ ಹಾಗೇ ಉಳಿದುಕೊಂಡಿತ್ತು. ಈಗ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದಲ್ಲ ಎಂದು ನಾನು ರೇಗಿಸುತ್ತಿದ್ದೆ. “ಮಾತಾಡಕ್ಕೆ ಏನದೆ ಮಗಾ? ಅವ್ಳವ್ಳೆ, ನಾನಿವ್ನಿ. ಅಷ್ಟು ಗೊತ್ತಾದ್ರೆ ಸಾಕಲ್ವ” ಎನ್ನುತ್ತಿದ್ದಳು.

ಯೋಚಿಸಿದರೆ ಅವಳ ಮಾತಿನಲ್ಲಿ ಹೊಸದೇನೂ ಇಲ್ಲ. ಹಿಂದೆ ಹಿರಿಯರು ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮಿ ಒಳಗೆ ಬರುತ್ತಿದ್ದರು, ಅವರಿಗೇನೂ ನೆಗಡಿಯಾಗಿರುತ್ತಿರಲಿಲ್ಲ. ಬೀದಿಯಲ್ಲಿ ಸಿಕ್ಕವರು ‘ಊಟ ಆಯ್ತಾ’ ಎನ್ನುತ್ತಾರೆ. ಅದಕ್ಕೆ ಸಾರು ಯಾವುದು, ಮುದ್ದೆ ಎಷ್ಟು ಎಂದು ವರದಿ ಒಪ್ಪಿಸುವವನನ್ನು ನಾವು ಎರಡನೇ ಸಲ ಮಾತಾಡಿಸುವುದಿಲ್ಲ. ಹಾಗೆ ನೋಡಿದರೆ ನಾವು ದಿನವಿಡೀ ಆಡುವ ಮಾತಿನಲ್ಲಿ ಬಹುಪಾಲು ಒಂದು ರಿಂಗಿನಷ್ಟೇ.

ಆ ರಿಂಗನ್ನು ಎತ್ತಬಾರದು ಎಂಬುದು ನಮ್ಮ ಮನೆಯ ಕಟ್ಟುಪಾಡಾಗಿತ್ತು. ಒಂದೇ ಒಂದು ಸಲ ಅಜ್ಜೀಪುರದ ರಿಂಗು ನಿಲ್ಲದೆ ಹೊಡೆದುಕೊಂಡಿತ್ತು. ಅವ್ವ ಬಹಳ ಹೊತ್ತು ಅದನ್ನು ನೋಡುತ್ತ ನಿಂತು ಆಮೇಲೆ ಎತ್ತಿದ್ದಳು. ದೊಡ್ಡಪ್ಪ ತೀರಿಕೊಂಡಿದ್ದರು. ಅಂದಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಎರಡನೇ ರಿಂಗಿಗೆ ಹೋದರೆ ಸಾಕು, ಅವ್ವನ ಮುಖ ಬಿಳಿಚಿಕೊಳ್ಳುತ್ತದೆ.

ಹೋದ ವರ್ಷ ಮಾದೇವಣ್ಣನ ಮಗಳ ನಾಮಕರಣಕ್ಕೆ ನಾವು ಅಜ್ಜೀಪುರಕ್ಕೆ ಹೋಗಿದ್ದೆವು. ಅಲ್ಲಿ ಎರಡು ಸಂಗತಿ ನಡೆದವು. ಮೊದಲನೆಯದು, ದೊಡ್ಡವ್ವ ಉಟ್ಟಿದ್ದ ಹೊಸ ಸೀರೆಯ ಅಂಚನ್ನು ಅವ್ವ ಎರಡು ಬೆರಳಲ್ಲಿ ಉಜ್ಜಿ ನೋಡಿ, ಹತ್ತಾರು ಹೆಂಗಸರ ಎದುರಿಗೆ, ಇದು ಕೈಮಗ್ಗದ್ದಲ್ಲ, ಪವರ್‌ಲೂಮಿನದು ಎಂದುಬಿಟ್ಟಳು. ನೇಯುವವರ ಮನೆಯ ಬೆರಳು ಸೀರೆ ಕಂಡರೆ ಸುಮ್ಮನಿರುವುದಿಲ್ಲ, ಬಾಯಿಯೂ ಇರುವುದಿಲ್ಲ. ಎರಡನೆಯದು, ಹುಳ ಸಾಕುವವರ ಫೋನು ಒಂದಿರಲಿ ಎಂದು ನಾನು ದೊಡ್ಡವ್ವನನ್ನೂ ಮಾದೇವಣ್ಣನನ್ನೂ ಕೇಳಿ ಅವಳ ಫೋನಿಗೆ ನಮ್ಮ ಆ್ಯಪ್ ಹಾಕಿದೆ.

ಮಾರನೇ ಸಂಜೆ ಅಜ್ಜೀಪುರದ ರಿಂಗು ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಅವ್ವ ತಾನೇ ಒಂದು ಕೊಟ್ಟಳು, ವಾಪಸ್ಸಿಲ್ಲ. ನಾನು ಮಾದೇವಣ್ಣನಿಗೆ ಫೋನು ಮಾಡಿ ದೊಡ್ಡವ್ವ ಹೇಗಿದ್ದಾಳೆ ಎಂದು ಕೇಳಿದರೆ, ಸೊಪ್ಪು ಕೊಯ್ಯಲು ಹೋಗಿದ್ದಾಳೆ, ಚೆನ್ನಾಗಿದ್ದಾಳೆ ಎಂದ. ಆ ಸಮಾಧಾನದ ಸುದ್ದಿಯೇ ಅವ್ವನಿಗೆ ಇರಿಯಿತು. “ಚೆನ್ನಾಗವ್ಳಲ್ಲ. ಅಂಗಾರೆ ಬೇಕಂತ್ಲೇ ಕೊಡ್ತಿಲ್ಲ. ಎಲ್ಲರ ಮುಂದೆ ಸೀರೆ ಇಡ್ದು ಅಂಗಂದ್ಬುಟ್ಟೆ ಕಣ್ ಮಗಾ” ಎಂದಳು. ಕೇಳಿಬಿಡೋಣ ಎಂದರೆ ಕೇಳಕೂಡದು ಎಂದು ಆಣೆ ಹಾಕಿಸಿದಳು.

ಆ ದಿನಗಳಲ್ಲಿ ಅವ್ವನನ್ನು ನೋಡಲು ನನಗೆ ಆಗುತ್ತಿರಲಿಲ್ಲ. ದೀಪ ಹಚ್ಚಿ, ಫೋನನ್ನು ಸೆರಗಿನಲ್ಲಿ ಒರೆಸಿ ಎದುರಿಗಿಟ್ಟುಕೊಂಡು, ಅದನ್ನು ನೋಡದವಳ ಹಾಗೆ ಕೂರುತ್ತಿದ್ದಳು. ಕಂಡಿಕೆ ಸುತ್ತುವಾಗ ಎಳೆ ಕಡಿಯುತ್ತಿತ್ತು. ಅವ್ವನ ಕೈಯಲ್ಲಿ ಎಳೆ ಕಡಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೀಗೇ ವಾರಗಳು ಕಳೆದ ಮೇಲೆ ಆಫೀಸಿನಲ್ಲಿ ಕೋಡು ಬರೆಯುವ ಪುಟ್ಟಸ್ವಾಮಿ ನನ್ನನ್ನು ಕರೆದು ಪರದೆ ತೋರಿಸಿದ. ಅಜ್ಜೀಪುರದ ಒಂದು ಫೋನಿನಿಂದ ದಿನಾ ಸಂಜೆ ಒಂದೇ ಕಡೆಗೆ ಕರೆ ಹೋಗುತ್ತಿದೆ, ಒಂದೂ ಹತ್ತುತ್ತಿಲ್ಲ, ಟವರಿನ ತೊಂದರೆ ಇರಬೇಕು, ಹೋಗಿ ನೋಡಿಕೊಂಡು ಬಾ ಎಂದ. ಉದ್ದಕ್ಕೂ ಕೆಂಪು ಸಾಲುಗಳು. ಒಂದೊಂದರ ಮುಂದೂ ಕರೆ ಹೋದವರ ಹೆಸರಿತ್ತು: ತಂಗಿ.

ಅಜ್ಜೀಪುರದಲ್ಲಿ ನಾನು ಆ್ಯಪ್ ಹಾಕಿದ್ದು ಒಂದೇ ಫೋನಿಗೆ. ದೊಡ್ಡವ್ವ ಒಂದು ದಿನವೂ ತಪ್ಪಿಸಿರಲಿಲ್ಲ. ಹಾಗಾದರೆ ಆ ರಿಂಗುಗಳೆಲ್ಲ ಎಲ್ಲಿಗೆ ಹೋಗುತ್ತಿದ್ದವು?

ಮಾರನೇ ದಿನ ಹನೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅಜ್ಜೀಪುರದಲ್ಲಿ ಇಳಿದೆ. ದೊಡ್ಡವ್ವ ಹುಳಗಳಿಗೆ ಸೊಪ್ಪು ಹಾಸುತ್ತಿದ್ದಳು. ನಿಮ್ಮವ್ವ ಚೆನ್ನಾಗಿದ್ದಾಳಾ ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, ದಿನಾ ರಿಂಗು ಕೊಡುತ್ತಿದ್ದಾಳಲ್ಲ, ಚೆನ್ನಾಗೇ ಇರುತ್ತಾಳೆ ಎಂದು ತಾನೇ ಹೇಳಿಕೊಂಡಳು. ನಾನು ಅವಳ ಫೋನು ತೆರೆದು ನೋಡಿದೆ.

ಆದದ್ದು ಇಷ್ಟು. ದೊಡ್ಡವ್ವನ ಫೋನಿನಲ್ಲಿ ‘ತಂಗಿ’ ಎಂದು ಅವ್ವನ ಹಳೆಯ ನಂಬರೂ, ‘ತಂಗಿ ಹೊಸದು’ ಎಂದು ಈಗಿನ ನಂಬರೂ ಇದ್ದವು. ಇಬ್ಬರೂ ಒಬ್ಬಳೇ ಎಂದು ನಮ್ಮ ಆ್ಯಪ್ ಕಂಡುಕೊಂಡಿತ್ತು. ಅಲ್ಲಿಯವರೆಗೆ ಅದರದು ಜಾಣತನವೇ. ಎರಡರಲ್ಲಿ ಒಂದನ್ನು ಉಳಿಸಬೇಕಾಗಿ ಬಂದಾಗ, ಯಾವುದಕ್ಕೆ ಹೆಚ್ಚು ಸಲ ಕರೆ ಹೋಗಿದೆಯೋ ಅದೇ ನಿಜವಾದದ್ದು ಎಂದು ತೀರ್ಮಾನಿಸಿತ್ತು. ವರ್ಷಗಟ್ಟಲೆಯ ರಿಂಗುಗಳು ಹಳೆಯ ನಂಬರಿಗೇ ಹೋಗಿದ್ದವು. ಹೊಸದು ಅಳಿಸಿಹೋಯಿತು. ಅವ್ವ ಬಿಟ್ಟುಕೊಟ್ಟಿದ್ದ ಆ ಹಳೆಯ ನಂಬರನ್ನು ಕಂಪನಿಯವರು ಅಷ್ಟರಲ್ಲಿ ಇನ್ಯಾರಿಗೋ ಕೊಟ್ಟಿದ್ದರು. ಇನ್ನು ಅವ್ವ ಕೊಟ್ಟ ರಿಂಗು ದೊಡ್ಡವ್ವನ ಫೋನಿನಲ್ಲಿ ಹೆಸರಿಲ್ಲದ ಬರೀ ಅಂಕಿಯಾಗಿ ಕಂಡಿತ್ತು. ಗೊತ್ತಿಲ್ಲದ ನಂಬರೆಲ್ಲ ಮೋಸದವರದು ಎಂದು ಮಾದೇವಣ್ಣ ಹೇಳಿಕೊಟ್ಟಿದ್ದನಾದ್ದರಿಂದ ಅವಳು ಅದನ್ನು ಮುಟ್ಟಿಯೂ ಇರಲಿಲ್ಲ.

ಹಾಗಾದರೆ ದಿನಾ ವಾಪಸ್ಸು ರಿಂಗು ಕೊಡುತ್ತಿದ್ದವರು ಯಾರು? ಆ ನಂಬರಿಗೆ ನನ್ನ ಫೋನಿನಿಂದ ಮಾಡಿದೆ. ಎತ್ತಿದವಳು ಯಳಂದೂರಿನಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹೆಂಗಸು. ಮೊದಲ ದಿನ ಯಾರೆಂದು ಕೇಳೋಣ ಅಂತ ವಾಪಸ್ಸು ಒತ್ತಿ, ಯಾರ ಮನೆಯದೋ ಏನೋ ಎಂದು ಅಂಜಿ ಒಂದೇ ರಿಂಗಿಗೆ ಇಟ್ಟುಬಿಟ್ಟಳಂತೆ. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಬಂತಂತೆ. “ಯಾರು ಏನು ಅಂತ ಗೊತ್ತಿರ್ನಿಲ್ಲ ಕಣವ್ವ. ದೀಪ ಅಚ್ಚೋ ಒತ್ಗೆ ನನ್ನೂ ಒಬ್ರು ಕೇಳ್ತಾವ್ರಲ್ಲ ಅಂತ ನಾನೂ ಒಂದ್ ಕೊಡ್ತಿದ್ದೆ” ಎಂದಳು. ತಪ್ಪಾಯಿತೇನೋ ಎಂದು ಎರಡೆರಡು ಸಲ ಕೇಳಿದಳು.

ಎಲ್ಲವನ್ನೂ ಬಿಡಿಸಿ ಹೇಳಿದಾಗ ದೊಡ್ಡವ್ವ ಸೊಪ್ಪಿನ ಬುಟ್ಟಿಯನ್ನು ಕೆಳಗಿಟ್ಟಳು. ಸೀರೆಯ ವಿಷಯ ಅವಳಿಗೆ ಮರೆತೇ ಹೋಗಿತ್ತು. ನಿಮ್ಮವ್ವ ಹೇಳಿದ್ದು ಸರಿಯೇ, ಸೀರೆ ಅಂಗಡಿಯವನು ಮೋಸ ಮಾಡಿದ, ಅದಕ್ಕೆ ನಾನೇಕೆ ಮುನಿಸಿಕೊಳ್ಳಲಿ ಎಂದಳು. ಅವಳನ್ನು ಹಿಂಡಿದ್ದು ಬೇರೆಯೇ. “ಇಷ್ಟು ದಿನ ಅವ್ಳಲ್ಲ ಕೊಡ್ತಿದ್ದದ್ದು. ನಂಗೆ ಗೊತ್ತಾಗ್ನೇ ಇಲ್ವಲ್ಲ ಕೂಸು” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ರಿಂಗಿಗೆ ಮುಖವಿಲ್ಲ, ದನಿಯಿಲ್ಲ. ನಾವು ಯಾರೆಂದುಕೊಳ್ಳುತ್ತೇವೋ ಅವರದೇ ಅದು. ಒಬ್ಬಳು ಇಲ್ಲದ ತಂಗಿಯಿಂದ ನೆಮ್ಮದಿಯಾಗಿದ್ದಳು, ಇನ್ನೊಬ್ಬಳು ಇದ್ದ ಅಕ್ಕನಿಗಾಗಿ ಕೊರಗುತ್ತಿದ್ದಳು. ನಮ್ಮ ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಕೆಂಪು.

ನಂಬರು ಸರಿಪಡಿಸಿ ಯಳಂದೂರಿನದನ್ನು ಅಳಿಸಲು ಹೋದರೆ ದೊಡ್ಡವ್ವ ಕೈ ಹಿಡಿದಳು. ಅವಳೂ ಕಾಯುತ್ತ ಕೂತಿರುತ್ತಾಳೆ, ಇರಲಿ ಬಿಡು ಎಂದಳು. ‘ಯಳಂದೂರು’ ಎಂದು ಹೆಸರು ಹಾಕಿಕೊಟ್ಟೆ. ಆ ಸಂಜೆ ದೀಪದ ಹೊತ್ತಿನವರೆಗೂ ಅಲ್ಲೇ ಇದ್ದು, ದೊಡ್ಡವ್ವ ಮೊದಲು ಅವ್ವನಿಗೆ, ಆಮೇಲೆ ಯಳಂದೂರಿಗೆ ರಿಂಗು ಕೊಟ್ಟದ್ದನ್ನೂ, ಎರಡೂ ವಾಪಸ್ಸು ಬಂದದ್ದನ್ನೂ ನೋಡಿಕೊಂಡು ಕಡೆಯ ಬಸ್ಸು ಹತ್ತಿದೆ. ಮನೆಗೆ ಬಂದಾಗ ಅವ್ವ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಕ್ಕ ಕೊಟ್ಟಳು ಎಂದಳು.

ಪುಟ್ಟಸ್ವಾಮಿ ಕೋಡು ತಿದ್ದಿದ. ಈಗ ನಮ್ಮ ಆ್ಯಪ್ ಯಾರನ್ನೂ ಕೇಳದೆ ಅಳಿಸುವುದಿಲ್ಲ, ಹೋದ ಕರೆಯ ಜೊತೆಗೆ ಬಂದ ಕರೆಯ ಲೆಕ್ಕವನ್ನೂ ಇಡುತ್ತದೆ. ಕಳೆದುಹೋದ ವಾರಗಳನ್ನು ತಿದ್ದುವ ಕೋಡು ಇನ್ನೂ ಯಾರೂ ಬರೆದಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅಜ್ಜೀಪುರದ ರಿಂಗು ನಿಲ್ಲದೆ ಹೊಡೆದುಕೊಂಡಿತು. ಅವ್ವ ಎತ್ತುವ ಮೊದಲೇ ಅಳುತ್ತಿದ್ದಳು.

ಮಣ್ಣು ಮಾಡಿ ಹೊರಡುವಾಗ ಮಾದೇವಣ್ಣ ದೊಡ್ಡವ್ವನ ಫೋನನ್ನು ಅವ್ವನ ಕೈಗೆ ಕೊಟ್ಟ, ನೀವೇ ಇಟ್ಟುಕೊಳ್ಳಿ ಚಿಕ್ಕವ್ವ ಎಂದ. ನೆಂಟರಿಷ್ಟರಿಗೆಲ್ಲ ಸುದ್ದಿ ಹೋಗಿತ್ತು. ಯಳಂದೂರಿಗೆ ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮೂರ್ನಾಲ್ಕು ದಿನ ಕಳೆದ ಮೇಲೆ ಅವ್ವ ದೀಪ ಹಚ್ಚುತ್ತಿದ್ದಾಗ ಗೋಡೆಯ ಗೂಡಿನಲ್ಲಿಟ್ಟಿದ್ದ ಆ ಫೋನು ಬೆಳಗಿ ಹೊಡೆದುಕೊಂಡಿತು. ‘ಯಳಂದೂರು’ ಎಂದು ನಾನು ಹೆಸರು ಓದಿ ಹೇಳಿದೆ. ಅವ್ವ ಒಂದು ರಿಂಗು ಮುಗಿಯುವುದರೊಳಗೆ ಎತ್ತಿಬಿಟ್ಟಳು.

ಎತ್ತಿದಳಷ್ಟೇ, ಮಾತಾಡಲಿಲ್ಲ. ಆಚೆಯವಳೂ ಮಾತಾಡಲಿಲ್ಲ. ಎಂದೂ ಎತ್ತದ ಫೋನನ್ನು ಎತ್ತಿದ್ದಾರೆ ಎಂದರೆ ಏನೆಂದು ಅವಳಿಗೆ ತಿಳಿದುಹೋಗಿತ್ತು. ಕಡೆಗೆ ಆ ದನಿ ಕೇಳಿತು:

“ಯಾವತ್ತವ್ವ?”

“ಸೋಮಾರ” ಎಂದಳು ಅವ್ವ.

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಕೇಳಿಕೊಳ್ಳಲೂ ಇಲ್ಲ. ಇಡುವ ಮುಂಚೆ ಅವ್ವ ತನ್ನ ನಂಬರನ್ನು ನನ್ನ ಬಾಯಲ್ಲಿ ಹೇಳಿಸಿದಳು.

ಮರುದಿನದಿಂದ ದೀಪದ ಹೊತ್ತಿಗೆ ಯಳಂದೂರಿನಿಂದ ಅವ್ವನ ಫೋನಿಗೆ ಒಂದು ರಿಂಗು ಬರುತ್ತದೆ, ನಿಲ್ಲುತ್ತದೆ. ಅವ್ವ ಕೈಯೊರೆಸಿಕೊಂಡು ಒಂದು ಕೊಡುತ್ತಾಳೆ. ಪುಟ್ಟಸ್ವಾಮಿ ಕೋಡು ತಿದ್ದಿದಾಗಲೇ ಅವ್ವನ ಫೋನಿಗೂ ಆ್ಯಪ್ ಹಾಕಿದ್ದೆನಾದ್ದರಿಂದ ಆಫೀಸಿನಲ್ಲಿ ಅವಳ ಲೆಕ್ಕ ನನಗೆ ಕಾಣುತ್ತದೆ. ಅಜ್ಜೀಪುರದ ಎದುರಿಗೆ ಅದರಲ್ಲಿ ಒಂದೇ ಹಸಿರು ಸಾಲಿದೆ, ಅದು ದೊಡ್ಡವ್ವ ಹೋದ ಬೆಳಗಿನದು. ಉಳಿದದ್ದೆಲ್ಲ ಕೆಂಪು. ಮೊನ್ನೆ ಪುಟ್ಟಸ್ವಾಮಿ ಯಳಂದೂರಿನ ಸಾಲುಗಳನ್ನು ತೋರಿಸಿ, ಇಲ್ಲೇನೋ ಕೆಟ್ಟಿರಬೇಕು, ನೋಡು ಎಂದ. ನಾನು ನೋಡಿದೆ. ದಿನಕ್ಕೆ ಎರಡು, ಒಂದು ಬಂದದ್ದು, ಒಂದು ಹೋದದ್ದು, ಉತ್ತರವಿಲ್ಲ, ಉತ್ತರವಿಲ್ಲ. ಎಲ್ಲ ಸರಿಯಾಗಿದೆ ಎಂದು ಹೇಳಿ ಕಳಿಸಿದೆ.