ಕೂರಲಾಗದ ಬಂಪರ್

ಉಪ್ಪಲ್ ಮೆಟ್ರೊ ಡಿಪೊ ಹಿಂದಿನ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತುಂಬಿದ ನೀರಿನ ಟ್ಯಾಂಕರ್ ಎಳೆದುಕೊಂಡು ನಲವತ್ತು ವರ್ಷ ಹಳೆಯ ಟ್ರ್ಯಾಕ್ಟರೊಂದು ಗುಡುಗುತ್ತ ಬರುತ್ತಿದೆ. ಅದರ ಮುಂದಿನ ಬಂಪರ್ ಮೇಲೆ ಇಬ್ಬರು ಕೂತಿದ್ದಾರೆ. ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಿಂದ ಹೊರಬಂದ ಸುಗಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾರಿಗೆ ಅಡ್ಡ ನಿಲ್ಲುತ್ತಾರೆ.

“ದಿಗಂಡಿ! ಇಳೀರಿ ಕೆಳಗ! ನೀವೇನ್ ಉಸುಕಿನ ಚೀಲ ಏನು?”

ಕೂತವರಲ್ಲಿ ಒಬ್ಬ, ಗಾರೆ ಕೆಲಸದ ಹುಸೇನಪ್ಪ, ಹಲ್ಲು ಕಿರಿಯುತ್ತಾನೆ. “ಅಕ್ಕಾ, ನಾವ್ ಕುಂತ್ರನ ಗಾಡಿ ಮೂತಿ ಎತ್ತೂದಿಲ್ಲ.”

ಅವನ ಮಾತು ಸುಳ್ಳಲ್ಲ. ಏರು ಹತ್ತುವಾಗ ಟ್ಯಾಂಕರ್ ಹಿಂದಕ್ಕೆ ಜಗ್ಗಿ ಟ್ರ್ಯಾಕ್ಟರಿನ ಮುಂಭಾಗ ಹಗುರವಾಗುತ್ತದೆ. ಮುಂದಿನ ಚಕ್ರ ನೆಲ ಬಿಟ್ಟಿತೆಂದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಅಷ್ಟೇ. ಅದಕ್ಕೆ ನಮ್ಮ ಜನ ಕಂಡುಕೊಂಡ ಉಪಾಯ, ಮುಂದೆ ಇಬ್ಬರು ಮನುಷ್ಯರನ್ನು ಕೂರಿಸುವುದು. ಭಲೇ ಬುದ್ಧಿ! ಜಾರಿ ಬಿದ್ದರೆ ಅವರನ್ನು ಮೊದಲು ತುಳಿಯುವುದು ಅದೇ ಟ್ರ್ಯಾಕ್ಟರ್.

ಸ್ಕೂಟರಿನಲ್ಲಿ ಹಿಂದೆಯೇ ಬಂದ ಟ್ರ್ಯಾಕ್ಟರಿನ ಮಾಲೀಕ ವೀರಭದ್ರಪ್ಪ ಬೀದರ್ ಕಡೆಯವರು, ಸದಾ ಅವಸರದ ಮನುಷ್ಯ. “ಸುಗಲಮ್ಮಾ, ಇವತ್ತೊಂದ್ ಟ್ರಿಪ್ ಬಿಡ್ರಿ. ನಿನ್ನೆ ಗುಡ್ಡದ ಮ್ಯಾಲ ಸ್ಲ್ಯಾಬ್ ಹಾಕ್ಯಾರ, ಬಿಸಿಲ ಏರೂದ್ರೊಳಗ ನೀರ್ ಬೀಳಬೇಕು. ನಾಳಿ ಮುಂದ ಕಬ್ಬಿಣದ ತೂಕ ಹಾಕಸ್ತೀನಿ.”

ಸುಗಲಮ್ಮ ಕೈ ಚಾಚಿ ಗಾಡಿಯ ಕೀಲಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸುತ್ತಾರೆ. “ನಮ್ಮ ಮನೆಯವ್ರಿಗೂ ಆಗಿನ ಸಾಹುಕಾರ್ರು ನಾಳಿ ಅಂತನ ಹೇಳಿದ್ರು. ನೋಡ್ರಿ, ಅಲ್ಲಿ ಕುಂತಾರ.”

ಶೆಡ್ಡಿನ ಒಳಗೆ ಡ್ರಿಲ್ಲಿಂಗ್ ಯಂತ್ರದ ಮುಂದೆ, ಸ್ಟೂಲಿನ ಮೇಲೆ ಭೀಮಾಶಂಕರ ಕೂತಿದ್ದಾರೆ. ಅವರ ಬಲಗಾಲು ಮಡಚುವುದಿಲ್ಲ. ಸೇಡಂ ಕಡೆಯಿಂದ ಗಂಡ ಹೆಂಡತಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು. ಹೀಗೇ ಬಂಪರ್ ಮೇಲೆ ಕೂತು ಕೆಲಸಕ್ಕೆ ಹೊರಟ ಒಂದು ಬೆಳಗ್ಗೆ, ರಸ್ತೆಯ ಉಬ್ಬಿನಲ್ಲಿ ಭೀಮಾಶಂಕರ ಕೆಳಗೆ ಬಿದ್ದರು. ಚಕ್ರ ಮೊಣಕಾಲಿನ ಮೇಲೆ ಹಾಯಿತು.

ಆಮೇಲೆ ಸುಗಲಮ್ಮ ಇದೇ ಶೆಡ್ಡಿಗೆ ಕಸ ಗುಡಿಸಲು ಸೇರಿದರು. ನೋಡಿ ನೋಡಿ ಕೆಲಸ ಕಲಿತರು. “ಉಸ್ತಾದ್ ಮೊದಲ ನಕ್ಕರ‍್ರಿ. ಆಮ್ಯಾಲ ಪಾನಾ ಕೈಗೆ ಕೊಟ್ಟರು,” ಎನ್ನುತ್ತಾರೆ. ಶೆಡ್ಡು ನಡೆಸುತ್ತಿದ್ದ ಆ ಉಸ್ತಾದರು ಈಗಿಲ್ಲ. ಪಾನಾ, ಅಂದರೆ ಸ್ಪ್ಯಾನರ್, ಸುಗಲಮ್ಮನ ಕೈಯಲ್ಲೇ ಇದೆ, ತಿಂಗಳಿಗೆ ಆರೇಳು ಹಳೆಯ ಟ್ರ್ಯಾಕ್ಟರುಗಳು ಅವರ ಬಾಗಿಲಿಗೆ ಬರುತ್ತವೆ.

ಕೆಲಸ ಶುರುವಾಗುತ್ತದೆ. ಸಮತಟ್ಟು ನೆಲದಲ್ಲಿ ಟ್ಯಾಂಕರ್ ಬಿಚ್ಚಿಸಿ, ಎಲ್ಲ ಚಕ್ರಗಳಿಗೂ ಮರದ ತುಂಡು ಕೊಡುತ್ತಾರೆ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ತಂದ ಕಬ್ಬಿಣದ ಹಲಗೆಗಳನ್ನು ಗಾಡಿಯ ಮುಂಭಾಗಕ್ಕೆ ಕೂರಿಸಲು ಸರಪಳಿ ರಾಟೆಯಿಂದ ಎತ್ತುತ್ತಾರೆ. ತೂಗಾಡುವ ಹಲಗೆಯ ಕೆಳಗೆ ಯಾರ ಕಾಲೂ ಇರಕೂಡದು, ಇದ್ದರೆ ಬೈಗುಳ. ಬೇಗ ಆಗಲೆಂದು ವೀರಭದ್ರಪ್ಪ ವೆಲ್ಡಿಂಗ್ ಮಾಡಿ ಮುಗಿಸಿರಿ ಎಂದಾಗ ಸುಗಲಮ್ಮ ತಲೆಯೆತ್ತುವುದೂ ಇಲ್ಲ. “ಇದು ಬೀಡು ಕಬ್ಬಿಣ್ರಿ. ಕಾವಿಗೆ ಸೀಳ್ತೈತಿ. ಕಂಪನ್ಯಾವ್ರು ತೂತು ಬಿಟ್ಟಾರಲ್ಲ, ಅಲ್ಲೇ ಬೋಲ್ಟ್ ಹಾಕಬೇಕು.”

“ಹಂಗಾದ್ರ ಇನ್ನೆರಡು ಹಲಗಿ ಹಾಕ್ರಿ. ದೊಡ್ಡ ಟ್ಯಾಂಕರ್ ತರ್ತೀನಿ.”

ಈಗ ತಲೆ ಎತ್ತುತ್ತಾರೆ. “ಕಂಪನಿ ಹೇಳಿದ್ದಕ್ಕಿಂತ ಒಂದ್ ಹಲಗೀನೂ ಹಾಕೂದಿಲ್ಲ. ಮೂತಿ ಏಳಬಾರ್ದಂತ ಈ ತೂಕ, ನೀವು ಹೆಚ್ಚಿಗಿ ಹೇರಲಿ ಅಂತಲ್ಲ. ಬ್ರೇಕ್ ಹಳೀದ ಐತಿ, ಮರೀಬ್ಯಾಡ್ರಿ.”

ವೀರಭದ್ರಪ್ಪನವರ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತದೆ. ಅತ್ತ ಮೇಸ್ತ್ರಿಯ ಕೂಗು ಪಕ್ಕದಲ್ಲಿ ನಿಂತು ನೋಡುತ್ತಿರುವ ನನಗೂ ಕೇಳಿಸುತ್ತಿದೆ. ಕೀಲಿ ಮಾತ್ರ ಸೊಂಟ ಬಿಟ್ಟು ಅಲ್ಲಾಡುವುದಿಲ್ಲ. ಎಂಥ ಹಟಮಾರಿ ಹೆಂಗಸು ಮಾರಾಯರೇ!

ಕೊನೆಗೆ ಹಲಗೆಗಳ ಮೇಲೊಂದು ಉಕ್ಕಿನ ಹೊದಿಕೆ ಕೂರಿಸುತ್ತಾರೆ. ಗುಡಿಸಲಿನ ಮಾಡಿನಂತೆ ಎರಡೂ ಕಡೆ ಇಳಿಜಾರು. ಇದ್ಯಾಕೆ ಎಂದು ಕೇಳಿದರೆ ಭೀಮಾಶಂಕರ ಒಳಗಿನಿಂದಲೇ ನಗುತ್ತಾರೆ. “ಅಕೀ ಮೊದಲ್ನೇ ತೂಕ ಚಂದಂಗಿ ಸಪಾಟ ಮಾಡಿದ್ಲ್ರಿ. ವಾರದಾಗ ನೋಡಿದ್ರ ನಾಕ್ ಮಂದಿ ಕಟ್ಟಿ ಮ್ಯಾಲ ಕುಂತಂಗ ಕುಂತು ಹೊಂಟಿದ್ರು!”

“ಇಬ್ಬರಿದ್ದವರು ನಾಕ್ ಮಂದಿ ಆದ್ರು. ಸಿಟ್ಟಿಗೆ ಅಳು ಬಂತ್ರಿ,” ಎನ್ನುತ್ತಾರೆ ಸುಗಲಮ್ಮ. ಮೊಳೆ ಬಡಿಯಬಹುದಿತ್ತು, ಆದರೆ ರಸ್ತೆಯಲ್ಲಿ ಹೋಗುವವರಿಗೆ ಚುಚ್ಚಿದರೆ? ಅಂದಿನಿಂದ ಈ ಮಾಡು. ಅವರ ಕೈಯಿಂದ ಹೊರಟ ಯಾವ ಗಾಡಿಗೂ ಇದು ತಪ್ಪುವುದಿಲ್ಲ.

ಬೋಲ್ಟುಗಳನ್ನು ಎರಡೆರಡು ಸಲ ಬಿಗಿದು, ಮುಂದಿನ ಚಕ್ರದ ಗಾಳಿ, ಬೇರಿಂಗ್ ನೋಡಿದ ಮೇಲೆ ಕೀಲಿ ಚಾಲಕನ ಕೈಗೆ ಬರುತ್ತದೆ. ಮೊದಲು ಖಾಲಿ ಗಾಡಿ ಗಲ್ಲಿ ಸುತ್ತಿ ಬಂದು, ಬೋಲ್ಟುಗಳಿಗೆ ಮತ್ತೊಮ್ಮೆ ಪಾನಾ ಬಿದ್ದ ಮೇಲಷ್ಟೇ ಟ್ಯಾಂಕರ್ ಕಟ್ಟುತ್ತಾರೆ. ಹುಸೇನಪ್ಪ ರೂಢಿಯಂತೆ ಮುಂದೆ ಹೋಗಿ ಕುಂಡಿ ಊರುತ್ತಾನೆ, ಸರ್ರನೆ ಜಾರಿ ನೆಲಕ್ಕೆ ಕೂರುತ್ತಾನೆ. ವೀರಭದ್ರಪ್ಪನವರಿಗೂ ನಗು ತಡೆಯಲಾಗುವುದಿಲ್ಲ. “ಇದೇನ್ ಅಕ್ಕಾ, ಕುಂಡ್ರಾಕ ಜಾಗಾನ ಇಡಲಿಲ್ಲಲ್ಲ!” ಎಂದು ಗೊಣಗುತ್ತ ಅವನು ಜೊತೆಗಾರನೊಂದಿಗೆ ಗುಡ್ಡದ ಕಡೆ ನಡೆಯುತ್ತಾನೆ.

ಗಲ್ಲಿಯ ತುದಿಯಲ್ಲೇ ಏರು. ಟ್ರ್ಯಾಕ್ಟರ್ ಹೊಗೆ ಕಾರುತ್ತ ನಿಧಾನ ಹತ್ತುತ್ತದೆ. ಮುಂದಿನ ಎರಡೂ ಚಕ್ರಗಳು ನೆಲ ಕಚ್ಚಿಕೊಂಡೇ ಇವೆ. ಬಿಸಿಲು ಚುರುಗುಟ್ಟುವ ಮೊದಲೇ ನೀರು ಮೇಲೆ ಮುಟ್ಟುತ್ತದೆ. ಸುಗಲಮ್ಮ ಮಾತ್ರ ನೋಡುತ್ತಿರುವುದು ಟ್ರ್ಯಾಕ್ಟರನ್ನಲ್ಲ, ಅದರ ಹಿಂದೆ ದೂರದಲ್ಲಿ ನಡೆದು ಹೋಗುತ್ತಿರುವ ಇಬ್ಬರನ್ನು.

ನಿಮಗೇನು ಆಸೆ ಎಂದು ಕೇಳುತ್ತೇನೆ. ಎಣ್ಣೆಗೈ ಒರೆಸಿಕೊಳ್ಳುತ್ತ ಗಂಡನ ಕಾಲಿನ ಕಡೆ ಒಮ್ಮೆ ನೋಡುತ್ತಾರೆ.

“ಕುಂಡ್ರಾಕ ಬರೂದಿಲ್ಲಂತ ಮಂದಿ ನನ್ನ ಭಾಳ ಬೈತಾರ‍್ರಿ. ಬೈಲಿ. ಸಂಜಿಕ ತಮ್ಮ ಕಾಲ ಮ್ಯಾಲ ಮನಿಗೆ ನಡಕೊಂಡ ಹೋಗಿ ಬೈಲಿ.”