ಹುಚ್ಚಲ್ಲ ಅಂತ ಹೇಳು

ಮೊನ್ನೆ ಕುಮಟಾಕ್ಕೆ ಹೊರಟಿದ್ದೆ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ್ದ ಹೊಸ ಈರುಳ್ಳಿಯ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ಬಂತು. ಆಚೆಮನೆ ಅಕ್ಕನ ಕೈಗೂ ಬೇಸಿಗೆಯಿಡೀ ಇದೇ ವಾಸನೆ…

ಹಳದೀಪುರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಬೇಲಿ. ಅಕ್ಕ ಈರುಳ್ಳಿ ಹೆಣೆಯಲು ಕೂತರೆ ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲೇ. ಎದೆಯ ಕ್ಯಾನ್ಸರಿಗೆ ಆಪರೇಶನ್ ಆಗಿ, ಕೂದಲು ಮತ್ತೆ ಬೆಳೆದು, ಗಂಡಾಂತರ ಕಳೆಯಿತೆಂದು ನಾವೆಲ್ಲ ನಿರಾಳವಾಗಿದ್ದೆವು. ಆಮೇಲೊಂದು ಬೇಸಿಗೆಯಲ್ಲಿ ಅವಳ ಮಾತು ದಾರಿ ತಪ್ಪತೊಡಗಿತು. ಈರುಳ್ಳಿಗೆ ಬಂಗಡೆ ಅಂದಳು, ಮಗಳನ್ನು ತಂಗಿಯ ಹೆಸರಿನಿಂದ ಕರೆದಳು. ಮೊದಮೊದಲು ನಕ್ಕೆವು. ತಲೆನೋವು, ವಾಂತಿ ಶುರುವಾದಾಗ ಮನೆಯವರು ದೇವಸ್ಥಾನದಲ್ಲಿ ಪ್ರಸಾದ ಕೇಳಿದರು. ದೇವರ ಬಲಗಡೆಯ ಹೂವು ಬಿದ್ದರೆ ಗುಣವಾಗುತ್ತದೆ ಎಂದರ್ಥ. ಬಲಗಡೆಯದೇ ಬಿತ್ತು. ಅದೇ ವಾರ ಅಕ್ಕನ ಬಲಗೈ ಸ್ವಾಧೀನ ತಪ್ಪಿತು.

ಮಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಕ್ಯಾನ್ಸರ್ ಮೆದುಳಿಗೆ ಹರಡಿ ಅಲ್ಲಿ ರಕ್ತಸ್ರಾವವಾಗಿದೆ, ಇನ್ನು ಹೆಚ್ಚು ದಿನವಿಲ್ಲ ಎಂದರು. ಬಾವು ಇಳಿಯಲು ಔಷಧ ಕೊಟ್ಟು ಮನೆಗೆ ಕಳಿಸಿದರು. ಮಾತು ತುಸು ನೆಟ್ಟಗಾಯಿತು. ನಮ್ಮ ಕಡೆ ರೋಗಿಯ ಮುಂದೆ ಆ ರೋಗದ ಹೆಸರು ಎತ್ತುವುದಿಲ್ಲ. ಎಲ್ಲರೂ ಉಷ್ಣ, ಉಷ್ಣ ಎನ್ನುತ್ತ ಎಳನೀರು ಕುಡಿಸಿದ್ದೇ ಕುಡಿಸಿದ್ದು.

ಒಂದು ಮಧ್ಯಾಹ್ನ ನಾನೊಬ್ಬಳೇ ಇದ್ದಾಗ ಅಕ್ಕ ಎಡಗೈಯಿಂದ ನನ್ನ ಸೆರಗು ಹಿಡಿದಳು.

"ತಂಗಿ, ನೀ ಆದ್ರೂ ಖರೆ ಹೇಳು. ನಂಗೆ ಹುಚ್ಚು ಹಿಡಿತಾ?"

ಅವಳ ತಾಯಿ ಹುಚ್ಚಿಯೆನಿಸಿಕೊಂಡು ಒಳಕೋಣೆಯಲ್ಲೇ ಸತ್ತವರು. ಅಕ್ಕನನ್ನು ಅಷ್ಟು ದಿನ ತಿಂದದ್ದು ಆ ಹೆದರಿಕೆ. ನಾವು ಬಾಯಿ ಮುಚ್ಚಿಕೊಂಡಷ್ಟೂ ಅದು ಬೆಳೆದಿತ್ತು. ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ ನನ್ನ ಸೆರಗು ಬಿಟ್ಟಳು. "ಅದೇ ಕ್ಯಾನ್ಸರಾ… ಹುಚ್ಚಲ್ಲ ಅಲ್ದಾ? ಆತು ಬಿಡು," ಎಂದು ನಿಟ್ಟುಸಿರಿಟ್ಟಳು. ಆಮೇಲೆ ಗಂಜಿ ಕೇಳಿ ಹೊಟ್ಟೆ ತುಂಬ ಉಂಡಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಅಲ್ಲಿಂದ ಕೊನೆಯ ತನಕ ತಪ್ಪು ಮಾತಾಡಿದರೆ ತಾನೇ ಮೊದಲು ನಗುತ್ತಿದ್ದಳು. ಮಗಳದೊಂದೇ ಚಿಂತೆ ಉಳಿದಿತ್ತು. "ನಾಳೆ ಗಂಡಿನ ಕಡೆಯವ್ರು ವಿಚಾರಿಸ್ತ್ರು. ತಲೇಲಿ ರಕ್ತ ಆಗಿತ್ತು, ಹುಚ್ಚಲ್ಲ ಅಂತ ನೀ ಹೇಳು," ಅಂದಿದ್ದಳು.

ಅಕ್ಕ ಹೋಗಿ ವರ್ಷಗಳಾದವು. ಬೇಲಿಯಾಚೆಯಿಂದ ಸುದ್ದಿ ಹೇಳುವವರಿಲ್ಲ, ನನಗೆ ಅದಿನ್ನೂ ರೂಢಿಯಾಗಿಲ್ಲ. ಮೊನ್ನೆ ಹೊರಟದ್ದು ಅವಳ ಮಗಳನ್ನು ಒಪ್ಪಿದ ಹುಡುಗನ ಮನೆಗೆ. ಅವರು ಕೇಳುವ ಮೊದಲೇ ಎಲ್ಲವನ್ನೂ ಹೇಳಿದೆ.

ಹುಡುಗನ ತಾಯಿ ನನ್ನ ಹತ್ತಿರ ಸರಿದು ಕೂತರು. "ಪಾಪ, ಅವ್ರಿಗೆ ರಾಶಿ ನೋವಾಗಿತ್ತಾ?" ಅಂತ ಕೇಳಿದರು.